ಲೆವಿನ್ ಬೆಂಥಾಂ ಬೌರಿಂಗ್

ಲೆವಿನ್ ಬೆಂಥಾಂ ಬೌರಿಂಗ್ (1824–1910) ಬ್ರಿಟಿಷ್ ಭಾರತದ ಆಡಳಿತಾಧಿಕಾರಿ ಹಾಗೂ ಲೇಖಕ. 1862ರಿಂದ 1870ರವರೆಗೆ ಮೈಸೂರು ಸಂಸ್ಥಾನ ಮತ್ತು ಕೊಡಗು ಪ್ರಾಂತ್ಯಗಳ ಕಮಿಷನರ್ ಆಗಿದ್ದನು. ಕರ್ನಾಟಕದ ಇತಿಹಾಸದಲ್ಲಿ ಎಲ್. ಬಿ. ಬೌರಿಂಗ್ ಎಂದೇ ಪರಿಚಿತನಾಗಿರುವ ಈತನ ಅಧಿಕಾರಾವಧಿಯಲ್ಲಿ, 1864ರ ಆಗಸ್ಟ್ 1ರಂದು, ಬೆಂಗಳೂರಿಗೆ ಮೊದಲ ರೈಲುಮಾರ್ಗ ತೆರೆಯಿತು. ಅದೇ ಮಾರ್ಗದ ಒಂದು ನಿಲ್ದಾಣ ಹಾಗೂ ಅದರ ಸುತ್ತ ಬೆಳೆದ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರು ಬಂದಿತು. ಅದೇ ಇಂದಿನ ಕೋಲಾರ ಜಿಲ್ಲೆಯ ಬಂಗಾರಪೇಟೆ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮತ್ತು ಬೌರಿಂಗ್ ಇನ್‌ಸ್ಟಿಟ್ಯೂಟ್‌ಗಳೂ ಈತನ ಹೆಸರನ್ನೇ ಹೊತ್ತಿವೆ. ಈತನ ಆಡಳಿತಕ್ಕೆ ಒಳಪಟ್ಟಿದ್ದ ಎರಡು ಪ್ರಾಂತ್ಯಗಳ ಪೈಕಿ ಮೈಸೂರು ರೈಲಿನ ಯುಗವನ್ನು ಪ್ರವೇಶಿಸಿತು. ಕೊಡಗು ಇಂದಿಗೂ ರೈಲುಮಾರ್ಗವಿಲ್ಲದ ಜಿಲ್ಲೆಯಾಗಿ ಉಳಿದಿದೆ.

ಜನನ ಮತ್ತು ಮನೆತನ

ಬೌರಿಂಗ್ 1824ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ತಂದೆ ಸರ್ ಜಾನ್ ಬೌರಿಂಗ್ ಬಹುಭಾಷಾ ಪಂಡಿತ, ಅನುವಾದಕ, ಸಂಸತ್ ಸದಸ್ಯ ಹಾಗೂ ರಾಜತಂತ್ರಜ್ಞ. 1854ರಿಂದ 1859ರವರೆಗೆ ಹಾಂಗ್‌ಕಾಂಗಿನ ಗವರ್ನರ್ ಆಗಿದ್ದ ಆತ 1855ರಲ್ಲಿ ಸಯಾಮ್ ದೇಶದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ ಪ್ರಸಿದ್ಧವಾದುದು. ತಾಯಿ ಮರಿಯಾ ಲೆವಿನ್. ಮಗನ ಮೊದಲ ಹೆಸರು ತಾಯಿಯ ಮನೆತನದಿಂದ ಬಂದುದಾದರೆ, ಎರಡನೆಯದು ಉಪಯುಕ್ತತಾವಾದದ ಪ್ರವರ್ತಕನಾದ ತತ್ತ್ವಜ್ಞಾನಿ ಜೆರೆಮಿ ಬೆಂಥಾಂನಿಂದ ಬಂದುದು. ಜಾನ್ ಬೌರಿಂಗ್ ಬೆಂಥಾಂನ ಆಪ್ತಮಿತ್ರನೂ ಆತನ ಗ್ರಂಥಗಳ ಸಂಪಾದಕನೂ ಆಗಿದ್ದನು.

ಸಹೋದರರಲ್ಲಿ ಜಾನ್ ಚಾರ್ಲ್ಸ್ ಬೌರಿಂಗ್ ಹಾಂಗ್‌ಕಾಂಗಿನಲ್ಲಿ ವ್ಯಾಪಾರದಲ್ಲಿದ್ದು ಕೀಟಗಳ ಸಂಗ್ರಾಹಕನಾಗಿ ಹೆಸರು ಪಡೆದನು. ಎಡ್ಗರ್ ಆಲ್‌ಫ್ರೆಡ್ ಬೌರಿಂಗ್ ಜರ್ಮನ್ ಕವಿಗಳಾದ ಗಯಟೆ ಮತ್ತು ಹೈನೆಯವರ ಕೃತಿಗಳನ್ನು ಇಂಗ್ಲಿಷಿಗೆ ಅನುವಾದಿಸಿದನು. ಅನಂತರ ಎಕ್ಸೆಟರ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದನು.

ಭಾರತದಲ್ಲಿ ಆರಂಭದ ಸೇವೆ

ಈಸ್ಟ್ ಇಂಡಿಯಾ ಕಂಪನಿಯ ನಾಗರಿಕ ಸೇವೆಗೆ ಯುವಕರನ್ನು ಸಿದ್ಧಪಡಿಸುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಬೌರಿಂಗ್ 1843ರಲ್ಲಿ ಬಂಗಾಳ ನಾಗರಿಕ ಸೇವೆಯನ್ನು ಸೇರಿದನು. ಮೊದಲನೆಯ ಸಿಖ್ ಯುದ್ಧದ ತರುವಾಯ ಲಾಹೋರಿನಲ್ಲಿ ಬ್ರಿಟಿಷ್ ರೆಸಿಡೆನ್ಸಿ ಸ್ಥಾಪನೆಯಾದಾಗ, 1847ರಲ್ಲಿ, ಅಲ್ಲಿ ಸಹಾಯಕ ರೆಸಿಡೆಂಟ್ ಆಗಿ ನೇಮಕಗೊಂಡನು. 1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾದ ಮೇಲೂ ಆ ಪ್ರಾಂತ್ಯದಲ್ಲಿಯೇ ಸೇವೆ ಸಲ್ಲಿಸಿದನು.

1857ರ ದಂಗೆಯ ಬಳಿಕ ಭಾರತದ ಆಡಳಿತ ಕಂಪನಿಯ ಕೈಯಿಂದ ಬ್ರಿಟಿಷ್ ರಾಜಪ್ರಭುತ್ವಕ್ಕೆ ವರ್ಗವಾಯಿತು. 1858ರಿಂದ 1862ರವರೆಗೆ ಬೌರಿಂಗ್ ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್‌ನ ಖಾಸಗಿ ಕಾರ್ಯದರ್ಶಿಯಾಗಿದ್ದನು. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಜ್ಯವನ್ನು ಹಿಂದಿರುಗಿಸುವಂತೆ ಸಲ್ಲಿಸಿದ್ದ ಮನವಿಯನ್ನು ಕ್ಯಾನಿಂಗ್ 1862ರಲ್ಲಿ ತಿರಸ್ಕರಿಸಿದನು. ಅದೇ ವರ್ಷ ಬೌರಿಂಗ್ ಆ ರಾಜ್ಯದ ಆಡಳಿತದ ಹೊಣೆ ಹೊತ್ತು ಬೆಂಗಳೂರಿಗೆ ಬಂದನು.

ಮೈಸೂರು ಮತ್ತು ಕೊಡಗಿನ ಕಮಿಷನರ್

ನಗರದ ರೈತ ದಂಗೆಯನ್ನು ಕಾರಣವಾಗಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಮಹಾರಾಜರಿಂದ ತಮ್ಮ ಕೈಗೆ ತೆಗೆದುಕೊಂಡಿದ್ದರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನೂ ವಶಪಡಿಸಿಕೊಂಡರು. ಕೊಡಗು ನೇರ ಬ್ರಿಟಿಷ್ ಪ್ರಾಂತ್ಯವಾಗಿತ್ತು. ಮೈಸೂರು ಹೆಸರಿಗೆ ಒಡೆಯರ ರಾಜ್ಯವಾಗಿಯೇ ಉಳಿದಿತ್ತು. ಆದರೆ ಎರಡಕ್ಕೂ ಬೆಂಗಳೂರಿನಲ್ಲಿದ್ದ ಕಮಿಷನರನೇ ಮುಖ್ಯಸ್ಥ. ಮಡಿಕೇರಿಯಲ್ಲಿ ಆತನ ಕೈಕೆಳಗೆ ಒಬ್ಬ ಸೂಪರಿಂಟೆಂಡೆಂಟ್ ಇರುತ್ತಿದ್ದನು.

1834ರಿಂದ 1861ರವರೆಗೆ ಈ ಹುದ್ದೆಯಲ್ಲಿದ್ದವನು ಸರ್ ಮಾರ್ಕ್ ಕಬ್ಬನ್. ಹಳೆಯ ಸ್ಥಳೀಯ ಪದ್ಧತಿಗಳನ್ನು ಆದಷ್ಟು ಉಳಿಸಿಕೊಂಡು, ಎಲ್ಲ ಅಧಿಕಾರವನ್ನೂ ತನ್ನಲ್ಲೇ ಕೇಂದ್ರೀಕರಿಸಿಕೊಂಡು ಆಳಿದ ಕಬ್ಬನ್, 1861ರಲ್ಲಿ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ನಿಧನನಾದನು. ಸಿ. ಬಿ. ಸಾಂಡರ್ಸ್ ಸ್ವಲ್ಪ ಕಾಲ ಹಂಗಾಮಿಯಾಗಿ ಕೆಲಸ ನೋಡಿಕೊಂಡ ಬಳಿಕ ಬೌರಿಂಗ್ ಅಧಿಕಾರ ವಹಿಸಿಕೊಂಡನು. ಕಬ್ಬನ್ನನ ಕಾಲವನ್ನು ವ್ಯಕ್ತಿನಿಷ್ಠ ಆಡಳಿತದ ಕಾಲವೆಂದೂ ಬೌರಿಂಗ್‌ನ ಕಾಲವನ್ನು ಇಲಾಖೆ, ಕಾಯಿದೆ ಮತ್ತು ನಿಯಮಗಳ ಆಡಳಿತದ ಆರಂಭವೆಂದೂ ಇತಿಹಾಸಕಾರರು ಗುರುತಿಸುತ್ತಾರೆ.

ಬೆಂಗಳೂರಿಗೆ ರೈಲು

ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ಮದ್ರಾಸಿನ ರಾಯಪುರದಿಂದ ವಾಲಾಜಾ ರಸ್ತೆಯವರೆಗೆ ಓಡಿತು. ಅದನ್ನು ನಿರ್ಮಿಸಿದ್ದು ಮದ್ರಾಸ್ ರೈಲ್ವೆ ಕಂಪನಿ. ಕಂಪನಿ ಹೂಡಿದ ಬಂಡವಾಳಕ್ಕೆ ಶೇಕಡ 5ರಷ್ಟು ಬಡ್ಡಿಯನ್ನು ಸರ್ಕಾರವೇ ಖಾತರಿಪಡಿಸುವ ಪದ್ಧತಿ ಆಗ ಜಾರಿಯಲ್ಲಿತ್ತು. 1862ರ ವೇಳೆಗೆ ಈ ಮಾರ್ಗ ಸೇಲಂ, ಪಾಲಕ್ಕಾಡುಗಳ ಮೂಲಕ ಮಲಬಾರಿನ ಬೇಪೂರನ್ನು ಮುಟ್ಟಿ, ಪೂರ್ವ ಮತ್ತು ಪಶ್ಚಿಮ ಕರಾವಳಿಗಳನ್ನು ಜೋಡಿಸಿತು.

ಈ ಮುಖ್ಯಮಾರ್ಗದಿಂದ ಜೋಲಾರ್‌ಪೇಟೆಯಲ್ಲಿ ಕವಲೊಡೆದು ಬೆಂಗಳೂರಿನ ದಂಡು ಪ್ರದೇಶವನ್ನು ತಲುಪುವ ಶಾಖೆಯ ಕಾಮಗಾರಿ ಕಬ್ಬನ್ನನ ಆಡಳಿತದ ಕೊನೆಯ ವರ್ಷಗಳಲ್ಲಿ ಆರಂಭವಾಗಿತ್ತು. ಅದು ಪೂರ್ಣಗೊಂಡದ್ದು ಬೌರಿಂಗ್‌ನ ಕಾಲದಲ್ಲಿ. 1864ರ ಆಗಸ್ಟ್ 1ರಂದು ಬೆಂಗಳೂರು ದಂಡು ನಿಲ್ದಾಣದವರೆಗೆ ಸಂಚಾರ ಆರಂಭವಾಯಿತು. ಹಳಿಗಳ ನಡುವಿನ ಅಂತರ 5 ಅಡಿ 6 ಅಂಗುಲ, ಅಂದರೆ ಬ್ರಾಡ್‌ಗೇಜ್. ಮಾರ್ಗವು ಕುಪ್ಪಂ, ಬೌರಿಂಗ್‌ಪೇಟೆ, ಮಾಲೂರುಗಳನ್ನು ಹಾದು ಬರುತ್ತಿತ್ತು. ಪೇಟೆಯ ಜನ ಮತ್ತು ವರ್ತಕರಿಗಿಂತ ಮೊದಲು ಸೈನಿಕ ನೆಲೆಗೆ ರೈಲು ಬಂದುದು ಆ ಕಾಲದ ಆದ್ಯತೆಗಳನ್ನು ತೋರಿಸುತ್ತದೆ. ಪಡೆಗಳನ್ನು ಬೇಗನೆ ಸಾಗಿಸುವ ಸಾಮರ್ಥ್ಯಕ್ಕೆ 1857ರ ಅನುಭವದ ಬಳಿಕ ಬ್ರಿಟಿಷರು ವಿಶೇಷ ಬೆಲೆ ಕೊಡುತ್ತಿದ್ದರು.

ಅದುವರೆಗೆ ಮದ್ರಾಸಿನಿಂದ ಬೆಂಗಳೂರಿಗೆ ಬರುವವರು ಎತ್ತಿನ ಗಾಡಿ, ಕುದುರೆ ಅಥವಾ ಮೇನೆಯಲ್ಲಿ ಹಲವು ದಿನ ಪ್ರಯಾಣ ಮಾಡಬೇಕಾಗಿತ್ತು. ಸುಮಾರು 350 ಕಿ.ಮೀ.ಗಳ ಆ ದಾರಿಯನ್ನು ರೈಲು ಒಂದು ಹಗಲು ರಾತ್ರಿಯೊಳಗಿನ ಪ್ರಯಾಣವಾಗಿ ಮಾಡಿತು. ಅಂಚೆ, ಬಟ್ಟೆ, ಉಪ್ಪು, ಧಾನ್ಯ ಮತ್ತು ಯಂತ್ರ ಸಾಮಗ್ರಿಗಳ ಸಾಗಣೆಯ ಸ್ವರೂಪವೇ ಬದಲಾಯಿತು.

ಉಗಿ ಎಂಜಿನ್ ಮತ್ತು ಪ್ರಸ್ಥಭೂಮಿಯ ಏರು

ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಬರುವ ಮಾರ್ಗ ಸುಮಾರು 140 ಕಿ.ಮೀ. ಉದ್ದದಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ತಮಿಳು ಬಯಲಿನಿಂದ ಮೈಸೂರು ಪ್ರಸ್ಥಭೂಮಿಗೆ ಹತ್ತುವ ಕುಪ್ಪಂ ಆಸುಪಾಸಿನ ಭಾಗ ಆ ಕಾಲದ ಎಂಜಿನ್‌ಗಳಿಗೆ ಕಠಿಣವಾದುದಾಗಿತ್ತು. ನಯವಾದ ಕಬ್ಬಿಣದ ಹಳಿಯ ಮೇಲೆ ನಯವಾದ ಕಬ್ಬಿಣದ ಗಾಲಿ ಉರುಳುವುದರಿಂದ ಸಮತಟ್ಟಿನಲ್ಲಿ ರೈಲು ಕಡಿಮೆ ಶಕ್ತಿಯಲ್ಲಿ ಓಡುತ್ತದೆ. ಆದರೆ ಏರಿನಲ್ಲಿ ಅದೇ ನಯ ತೊಡಕಾಗುತ್ತದೆ. ಹಿಡಿತ ಸಾಲದೆ ಗಾಲಿಗಳು ನಿಂತಲ್ಲೇ ತಿರುಗತೊಡಗುತ್ತವೆ. ಇದನ್ನು ತಡೆಯಲು ಎಂಜಿನ್‌ನಿಂದ ಹಳಿಯ ಮೇಲೆ ಮರಳು ಉದುರಿಸುವ ವ್ಯವಸ್ಥೆ ಇರುತ್ತಿತ್ತು.

ಉಗಿ ಎಂಜಿನ್ ನಡೆಸುವುದು ಇಬ್ಬರ ಕೆಲಸ. ಫೈರ್‌ಮನ್ ಕುಲುಮೆಗೆ ಇಂಧನ ಹಾಕಿ ಬೆಂಕಿಯನ್ನು ಹದವಾಗಿ ಉರಿಸಬೇಕು. ಚಾಲಕ ರೆಗ್ಯುಲೇಟರ್ ತೆರೆದು, ಬಾಯ್ಲರಿನಿಂದ ಸಿಲಿಂಡರಿಗೆ ಹೋಗುವ ಉಗಿಯ ಪ್ರಮಾಣವನ್ನು ನಿಯಂತ್ರಿಸಬೇಕು. ಉಗಿಯ ಒತ್ತಡದಿಂದ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಚಲಿಸಿ, ಸರಳುಗಳ ಮೂಲಕ ಗಾಲಿಗಳನ್ನು ತಿರುಗಿಸುತ್ತದೆ. ಏರು ಬರುವ ಮೊದಲೇ ಬೆಂಕಿಯನ್ನು ಬಲಪಡಿಸಿ ಸಾಕಷ್ಟು ಉಗಿಯನ್ನು ಕೂಡಿಟ್ಟುಕೊಳ್ಳದಿದ್ದರೆ ಅರ್ಧದಾರಿಯಲ್ಲಿ ರೈಲು ನಿಂತುಬಿಡುತ್ತಿತ್ತು. ಆದ್ದರಿಂದ ಚಾಲಕನಿಗೆ ಎಂಜಿನ್ನಿನ ಜ್ಞಾನದಷ್ಟೇ ದಾರಿಯ ಜ್ಞಾನವೂ ಅವಶ್ಯಕವಾಗಿತ್ತು. ಪ್ರತಿಯೊಂದು ಏರು, ಇಳಿಜಾರು ಮತ್ತು ತಿರುವು ಆತನಿಗೆ ಕತ್ತಲಲ್ಲಿಯೂ ತಿಳಿದಿರಬೇಕಾಗಿತ್ತು.

ಅತ್ಯಂತ ಎಚ್ಚರ ಬೇಕಾಗಿದ್ದುದು ಬಾಯ್ಲರಿನ ನೀರಿನ ಮಟ್ಟದ ಬಗ್ಗೆ. ಕುಲುಮೆಯ ಮೇಲ್ಭಾಗದ ತಗಡು ಸದಾ ನೀರಿನಿಂದ ಮುಚ್ಚಿರಬೇಕು. ಎಂಜಿನ್ ಏರುತ್ತಿರುವಾಗ ನೀರು ಹಿಂಬದಿಗೆ, ಅಂದರೆ ಕುಲುಮೆಯ ಕಡೆಗೆ ಸರಿಯುತ್ತದೆ. ನೆತ್ತಿಯನ್ನು ದಾಟಿ ಇಳಿಯತೊಡಗಿದಾಗ ಮುಂಬದಿಗೆ ಸರಿಯುತ್ತದೆ. ಏರಿನಲ್ಲಿ ಸಾಕಷ್ಟಿದೆ ಎಂದು ಕಂಡ ನೀರು ಇಳಿಜಾರಿನಲ್ಲಿ ಸಾಲದೆ, ಕುಲುಮೆಯ ತಗಡು ಬರಿದಾಗಿ ಕಾಯ್ದು, ಬಾಯ್ಲರು ಸಿಡಿಯುವ ಅಪಾಯವಿತ್ತು. ಗಾಜಿನ ಕೊಳವೆಯಲ್ಲಿ ಕಾಣುವ ನೀರಿನ ಮಟ್ಟವನ್ನು ದಾರಿಯ ಏರಿಳಿತದೊಡನೆ ಹೊಂದಿಸಿ ಓದುವುದು ಚಾಲಕನ ಮುಖ್ಯ ವಿದ್ಯೆಯಾಗಿತ್ತು.

1860ರ ದಶಕದ ಎಂಜಿನ್‌ಗಳಲ್ಲಿ ಚಾಲಕರಿಗೆ ಮಳೆ ಬಿಸಿಲುಗಳಿಂದ ಸರಿಯಾದ ಮರೆಯೂ ಇರುತ್ತಿರಲಿಲ್ಲ. ಇಡೀ ರೈಲನ್ನು ಒಮ್ಮೆಲೇ ಹಿಡಿದು ನಿಲ್ಲಿಸುವ ಬ್ರೇಕ್ ವ್ಯವಸ್ಥೆ ಆಗ ಬಳಕೆಗೆ ಬಂದಿರಲಿಲ್ಲ. ಎಂಜಿನ್‌ನ ಹಾಗೂ ಗಾರ್ಡಿನ ಡಬ್ಬಿಯ ಕೈಬ್ರೇಕುಗಳನ್ನೇ ನಂಬಬೇಕಾಗಿತ್ತು. ಆರಂಭದಲ್ಲಿ ಚಾಲಕರು ಹೆಚ್ಚಾಗಿ ಇಂಗ್ಲೆಂಡಿನಿಂದ ಬಂದವರು. ಮುಂದೆ ಆಂಗ್ಲೋ-ಇಂಡಿಯನ್ ಸಮುದಾಯದವರು ಈ ವೃತ್ತಿಯಲ್ಲಿ ನೆಲೆಯೂರಿದರು. ಬೆಂಕಿಯ ಮುಂದಿನ ದುಡಿಮೆ ಬಹುಮಟ್ಟಿಗೆ ಭಾರತೀಯರ ಪಾಲಿನದಾಗಿತ್ತು. ಜೋಲಾರ್‌ಪೇಟೆಯಂತಹ ಕೂಡುನಿಲ್ದಾಣಗಳು ರೈಲ್ವೆ ನೌಕರರ ಊರುಗಳಾಗಿ ಬೆಳೆದವು.

ಸೌದೆ ಮತ್ತು ಅರಣ್ಯ

ಕಲ್ಲಿದ್ದಲಿನ ಗಣಿಗಳು ದೂರವಿದ್ದುದರಿಂದ ದಕ್ಷಿಣ ಭಾರತದ ಆರಂಭದ ಎಂಜಿನ್‌ಗಳು ಬಹುಮಟ್ಟಿಗೆ ಸೌದೆಯನ್ನೇ ಉರಿಸುತ್ತಿದ್ದವು. ಹಳಿಗಳ ಕೆಳಗೆ ಹಾಸುವ ಮರದ ದಿಮ್ಮಿಗಳಿಗೂ ಭಾರಿ ಬೇಡಿಕೆ ಇತ್ತು. ಹೀಗೆ ರೈಲುಮಾರ್ಗ ಹಾದುಹೋದ ಕಡೆಗಳಲ್ಲಿ ಕಾಡು ವೇಗವಾಗಿ ಕರಗತೊಡಗಿತು. ಶಿವಮೊಗ್ಗ ಪ್ರದೇಶದಲ್ಲಿ ವೈದ್ಯನಾಗಿ ಕೆಲಸ ಮಾಡಿ, ಬಳಿಕ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ರೈಲ್ವೆಯ ಸೌದೆ ಬೇಡಿಕೆಯ ಕುರಿತು ಅಂದೇ ಎಚ್ಚರಿಸಿದ್ದನು. ಬೆಂಗಳೂರಿಗೆ ರೈಲು ಬಂದ 1864ರಲ್ಲಿಯೇ ಬೌರಿಂಗ್‌ನ ಆಡಳಿತದಡಿ ಮೈಸೂರಿನಲ್ಲಿ ಪ್ರತ್ಯೇಕ ಅರಣ್ಯ ಇಲಾಖೆ ಸ್ಥಾಪನೆಯಾಯಿತು. ಇಲಾಖೆಯ ಸ್ಥಾಪನೆಯಿಂದ ಬೆಲೆಬಾಳುವ ಮರಗಳಿಗೆ ರಕ್ಷಣೆ ದೊರೆಯಿತಾದರೂ, ಸೌದೆ, ಸೊಪ್ಪು ಮತ್ತು ಮೇವಿಗಾಗಿ ಕಾಡನ್ನು ಆಶ್ರಯಿಸಿದ್ದ ಹಳ್ಳಿಗರ ವಾಡಿಕೆಯ ಹಕ್ಕುಗಳು ಮೊಟಕಾದವು.

ಕೊಡಗು: ರೈಲು ತಲುಪದ ನಾಡು

ಬೌರಿಂಗ್‌ನ ಆಡಳಿತದ ವರ್ಷಗಳು ಕೊಡಗಿನ ಆರ್ಥಿಕ ಇತಿಹಾಸದಲ್ಲಿ ನಿರ್ಣಾಯಕವಾದವು. 1854ರಲ್ಲಿ ಜಾನ್ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ಆರಂಭಿಸಿದ ಬಳಿಕ, 1860ರ ದಶಕದಲ್ಲಿ ತೋಟಗಳು ವೇಗವಾಗಿ ಹರಡಿದವು. ಕೊಡವರು ಮತ್ತು ಇತರ ಸ್ಥಳೀಯ ರೈತರೂ ಕಾಫಿ ಬೆಳೆಯತೊಡಗಿದರು. ಮೈಸೂರು ಸೀಮೆಯಿಂದ ಕೂಲಿಕಾರ್ಮಿಕರು ಕೆಲಸ ಅರಸಿ ಬಂದರು.

ಆದರೆ ಬೆಳೆದ ಕಾಫಿಯನ್ನು ಮಾರುಕಟ್ಟೆಗೆ ಮುಟ್ಟಿಸಲು ಎತ್ತಿನ ಗಾಡಿಯ ಹೊರತು ಬೇರೆ ಸಾಧನವಿರಲಿಲ್ಲ. ಸಂಪಾಜೆ ಘಟ್ಟದ ಮೂಲಕ ಮಂಗಳೂರಿಗೆ, ಪೆರುಂಬಾಡಿ ಘಟ್ಟದ ಮೂಲಕ ಕಣ್ಣೂರು ಮತ್ತು ತಲಚೇರಿಗಳಿಗೆ, ಕುಶಾಲನಗರ ಮತ್ತು ಹುಣಸೂರಿನ ಮೂಲಕ ಮೈಸೂರಿಗೆ ಗಾಡಿಗಳು ಸಾಗುತ್ತಿದ್ದವು. ಕೊಯ್ಲು ಮುಗಿದ ಮೇಲೆ ಮುಂಗಾರು ಆರಂಭವಾಗುವ ಮುನ್ನ ಸರಕು ಬಂದರನ್ನು ತಲುಪಲೇಬೇಕಾಗಿತ್ತು. ಮಳೆ ಹಿಡಿದರೆ ಘಟ್ಟದ ರಸ್ತೆಗಳು ಕೆಸರಾಗಿ ಗಾಡಿ ನಡೆಯುತ್ತಿರಲಿಲ್ಲ. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಹಡಗು ಸಂಚಾರವೂ ನಿಲ್ಲುತ್ತಿತ್ತು. ತಡವಾದ ಕೆಲವು ವಾರಗಳು ವರ್ಷದ ದುಡಿಮೆಯನ್ನೇ ಅಪಾಯಕ್ಕೆ ಒಡ್ಡುತ್ತಿದ್ದವು. ಹೀಗಾಗಿ ಕೊಡಗಿನಲ್ಲಿ ಘಟ್ಟದ ರಸ್ತೆಗಳ ಸ್ಥಿತಿಯೇ ಬೆಳೆಗಾರರ ಲಾಭನಷ್ಟವನ್ನು ನಿರ್ಧರಿಸುವ ಸಂಗತಿಯಾಗಿತ್ತು.

1860ರ ದಶಕದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ಕೊಡಗು ಮತ್ತು ಮೈಸೂರಿನ ತೋಟಗಳು ಅಪಾರ ನಷ್ಟ ಅನುಭವಿಸಿದವು. ಇದರ ಪರಿಶೀಲನೆಗಾಗಿ ಮದ್ರಾಸ್ ಸರ್ಕಾರದ ಡಾ. ಜಾರ್ಜ್ ಬಿಡಿ ನಿಯೋಜಿತನಾದನು. ಬಿಸಿಲಿಗೆ ತೆರೆದ ಗಿಡಗಳಿಗೆ ಹುಳುವಿನ ಕಾಟ ಹೆಚ್ಚೆಂದು ಕಂಡುಕೊಂಡ ಆತ, ನೆರಳಿನ ಮರಗಳನ್ನು ಉಳಿಸಬೇಕೆಂದು ಸಲಹೆ ಮಾಡಿದನು. ಇಂದಿಗೂ ಕೊಡಗಿನ ಕಾಫಿ ಮರಗಳ ನೆರಳಿನಲ್ಲಿಯೇ ಬೆಳೆಯುತ್ತದೆ.

ಕಡಿದಾದ ಘಟ್ಟಗಳು, ಅತಿವೃಷ್ಟಿ, ದಟ್ಟವಾದ ಕಾಡು ಮತ್ತು ವಿರಳವಾದ ಜನವಸತಿ ರೈಲುಮಾರ್ಗಕ್ಕೆ ಪ್ರತಿಕೂಲವಾಗಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ರೈಲ್ವೆಯ ಕರಾವಳಿ ಮಾರ್ಗ ತಲಚೇರಿ, ಕಣ್ಣೂರುಗಳನ್ನು ಹಾದು 1907ರಲ್ಲಿ ಮಂಗಳೂರನ್ನು ತಲುಪಿದಾಗ, ಕೊಡಗಿನ ಎರಡೂ ಬದಿಗಳಲ್ಲಿ ರೈಲು ಓಡಾಡುವಂತಾಯಿತು. ನಡುವಿನ ಕೊಡಗು ಮಾತ್ರ ಹೊರಗೇ ಉಳಿಯಿತು. ಮೈಸೂರಿನಿಂದ ಕುಶಾಲನಗರಕ್ಕೆ ರೈಲುಮಾರ್ಗ ಹಾಕುವ ಪ್ರಸ್ತಾವ ಇಂದಿಗೂ ಚರ್ಚೆಯಲ್ಲಿದೆ. ಸಂಪರ್ಕ ಮತ್ತು ವ್ಯಾಪಾರದ ದೃಷ್ಟಿಯಿಂದ ಅದನ್ನು ಬಯಸುವವರಿರುವಂತೆಯೇ, ಕಾಡು, ಕಾವೇರಿಯ ಜಲಾನಯನ ಪ್ರದೇಶ ಮತ್ತು ಸ್ಥಳೀಯ ಸಂಸ್ಕೃತಿಗೆ ಧಕ್ಕೆಯಾಗುವುದೆಂದು ವಿರೋಧಿಸುವವರೂ ಇದ್ದಾರೆ.

ಆಡಳಿತ ಸುಧಾರಣೆಗಳು

ಬೌರಿಂಗ್ ಮೈಸೂರನ್ನು ನಂದಿದುರ್ಗ, ಅಷ್ಟಗ್ರಾಮ ಮತ್ತು ನಗರ ಎಂಬ ಮೂರು ವಿಭಾಗಗಳಾಗಿಯೂ, ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು ಮತ್ತು ಚಿತ್ರದುರ್ಗ ಎಂಬ ಎಂಟು ಜಿಲ್ಲೆಗಳಾಗಿಯೂ ಪುನರ್ವಿಂಗಡಿಸಿದನು. ಇಂದಿನ ದಕ್ಷಿಣ ಕರ್ನಾಟಕದ ಜಿಲ್ಲಾ ವ್ಯವಸ್ಥೆಯ ಮೂಲ ರೂಪ ಇದರಲ್ಲಿದೆ. ಮುಂಬಯಿ ಪ್ರಾಂತ್ಯದ ಮಾದರಿಯಲ್ಲಿ ಭೂಮಾಪನ ಮತ್ತು ಕಂದಾಯ ನಿಗದಿಯ ಕಾರ್ಯ 1863ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ಆರಂಭವಾಯಿತು. 1866ರಲ್ಲಿ ಇನಾಂ ಜಮೀನುಗಳ ಪರಿಶೀಲನೆಗೆ ಆಯೋಗ ರಚನೆಯಾಯಿತು.

ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯ ನೇತೃತ್ವದಲ್ಲಿ ಕೆರೆಗಳ ದುರಸ್ತಿ ಮತ್ತು ಸಾರ್ವಜನಿಕ ಕಟ್ಟಡಗಳ ನಿರ್ಮಾಣ ನಡೆಯಿತು. ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದ ಸರ್ಕಾರಿ ಕಚೇರಿಗಳು, 1864ರಿಂದ 1868ರ ನಡುವೆ ಕಟ್ಟಲಾದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡವು. ಹದಿನೆಂಟು ಇಲಾಖೆಗಳ ಕಚೇರಿಯಾದ್ದರಿಂದ ಅಠಾರಾ ಕಚೇರಿ ಎನಿಸಿಕೊಂಡ ಆ ಕೆಂಪು ಕಟ್ಟಡದಲ್ಲಿ ಇಂದು ಕರ್ನಾಟಕ ಉಚ್ಚ ನ್ಯಾಯಾಲಯವಿದೆ. 1866ರಲ್ಲಿ ಶಂಕುಸ್ಥಾಪನೆಯಾಗಿ 1868ರಲ್ಲಿ ತೆರೆದ ಸಿವಿಲ್ ಆಸ್ಪತ್ರೆಯನ್ನು ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ ಕಟ್ಟಲಾಯಿತು. ಅದೇ ಮುಂದೆ ಬೌರಿಂಗ್ ಆಸ್ಪತ್ರೆಯಾಯಿತು.

ಶಿಕ್ಷಣ ಕ್ಷೇತ್ರದಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಜಾರಿಗೆ ಬಂದು, ಹಳ್ಳಿಗಾಡಿನ ಮಕ್ಕಳಿಗೆ ಕನ್ನಡದಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಲು ದಾರಿಯಾಯಿತು. ಬೌರಿಂಗ್‌ನ ಆಸಕ್ತಿಯಿಂದ 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಗಳನ್ನು ಓದುವ ಕಾರ್ಯದಲ್ಲಿ ತೊಡಗಿದ ರೈಸ್ 1879ರಲ್ಲಿ ಅವುಗಳ ಅನುವಾದವನ್ನು ಪ್ರಕಟಿಸಿದನು. ಮುಂದೆ ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗೆ ಇದು ನಾಂದಿಯಾಯಿತು. ಆ ಸಂಪುಟಗಳಲ್ಲಿ ಮೊದಲನೆಯದು ಕೊಡಗಿನ ಶಾಸನಗಳಿಗೆ ಮೀಸಲಾಗಿದೆ.

ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ರಾಜ್ಯದ ಭವಿಷ್ಯ

ಬೌರಿಂಗ್ ಅಧಿಕಾರದಲ್ಲಿದ್ದ ಕಾಲದಲ್ಲಿ ಮೈಸೂರು ರಾಜ್ಯ ಉಳಿಯುವುದೋ, ಅರಸನ ಮರಣದ ಬಳಿಕ ಬ್ರಿಟಿಷ್ ಭಾರತದಲ್ಲಿ ವಿಲೀನವಾಗುವುದೋ ಎಂಬ ಪ್ರಶ್ನೆ ಇತ್ಯರ್ಥವಾಗದೆ ಉಳಿದಿತ್ತು. ಮಹಾರಾಜರಿಗೆ ಔರಸಪುತ್ರರಿರಲಿಲ್ಲ. ಅವರು 1865ರಲ್ಲಿ ಚಾಮರಾಜೇಂದ್ರನನ್ನು ದತ್ತು ಸ್ವೀಕರಿಸಿದರು. ಭಾರತ ಸರ್ಕಾರ ಅದನ್ನು ರಾಜ್ಯದ ವಾರಸಿಕೆಯ ಮಟ್ಟಿಗೆ ಮಾನ್ಯ ಮಾಡಲಿಲ್ಲ. ಮಹಾರಾಜರ ಪರವಾಗಿ ಇಂಗ್ಲೆಂಡಿನಲ್ಲಿಯೂ ವಾದಗಳು ನಡೆದು, 1867ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ನಿಲುವನ್ನು ಬದಲಿಸಿ, ದತ್ತುಪುತ್ರನ ಹಕ್ಕನ್ನು ಒಪ್ಪಿಕೊಂಡಿತು. 1868ರ ಮಾರ್ಚ್ 27ರಂದು ಮಹಾರಾಜರು ನಿಧನರಾದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರನಿಗೆ ಬೌರಿಂಗ್‌ನ ಸಮ್ಮುಖದಲ್ಲಿ ಪಟ್ಟಾಭಿಷೇಕವಾಯಿತು. ಅರಮನೆಯ ವ್ಯವಹಾರಗಳನ್ನು ಸರಿಪಡಿಸಲು ಮದ್ರಾಸ್ ಪ್ರಾಂತ್ಯದಿಂದ ಸಿ. ರಂಗಾಚಾರ್ಲು ಬಂದದ್ದೂ ಇದೇ ವರ್ಷ.

ನಿವೃತ್ತಿ ಮತ್ತು ಬರಹಗಳು

1867ರಲ್ಲಿ ಸಿ.ಎಸ್.ಐ. ಗೌರವ ಪಡೆದಿದ್ದ ಬೌರಿಂಗ್ 1870ರಲ್ಲಿ ಸೇವೆಯಿಂದ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದನು. ಆತನ ಸ್ಥಾನಕ್ಕೆ ರಿಚರ್ಡ್ ಮೀಡ್ ಬಂದನು. ಮರುವರ್ಷವೇ ಪ್ರಕಟವಾದ ಈಸ್ಟರ್ನ್ ಎಕ್ಸ್‌ಪೀರಿಯೆನ್ಸಸ್ (1871) ಎಂಬ ಕೃತಿಯಲ್ಲಿ ಮೈಸೂರು, ಕೊಡಗು, ಪಂಜಾಬ್ ಮತ್ತು ಹಿಮಾಲಯ ಪ್ರದೇಶಗಳ ಭೂಸ್ವರೂಪ, ಇತಿಹಾಸ, ಜನಜೀವನ ಹಾಗೂ ತನ್ನ ಪ್ರವಾಸಗಳನ್ನು ಆತ ವರ್ಣಿಸಿದ್ದಾನೆ. ತಂದೆಯ ಆತ್ಮಚರಿತ್ರೆಯ ಬರಹಗಳನ್ನು ಕಿರುಪರಿಚಯದೊಡನೆ 1877ರಲ್ಲಿ ಪ್ರಕಟಿಸಿದನು. ರೂಲರ್ಸ್ ಆಫ್ ಇಂಡಿಯಾ ಮಾಲಿಕೆಗಾಗಿ ಬರೆದ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕುರಿತ ಪುಸ್ತಕ 1893ರಲ್ಲಿ ಹೊರಬಂದಿತು. ಇದರಲ್ಲಿ ಬ್ರಿಟಿಷ್ ಆಡಳಿತಗಾರನ ದೃಷ್ಟಿಕೋನ ಸ್ಪಷ್ಟವಾಗಿದ್ದು, ಅನಂತರದ ಸಂಶೋಧನೆಯ ಬೆಳಕಿನಲ್ಲಿ ಎಚ್ಚರಿಕೆಯಿಂದ ಓದಬೇಕಾದ ಕೃತಿ ಎನಿಸಿದೆ. ಆತ ಸಂಗ್ರಹಿಸಿದ ಛಾಯಾಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೌರಿಂಗ್ 1910ರಲ್ಲಿ ನಿಧನನಾದನು.

ಅನಂತರದ ರೈಲುಮಾರ್ಗಗಳು

ಬೌರಿಂಗ್ ಬಿಟ್ಟುಹೋದಾಗ ಮೈಸೂರು ರಾಜ್ಯದಲ್ಲಿ ಇದ್ದುದು ಬೆಂಗಳೂರು ದಂಡಿನಲ್ಲಿ ಕೊನೆಗೊಳ್ಳುವ ಒಂದೇ ಮಾರ್ಗ. ಅದರ ಮಿತಿ ಏನೆಂಬುದು 1876–78ರ ಮಹಾಕ್ಷಾಮದಲ್ಲಿ ದಾರುಣವಾಗಿ ಬಯಲಾಯಿತು. ಮದ್ರಾಸಿನಿಂದ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಮುಂದಿನ ಜಿಲ್ಲೆಗಳಿಗೆ ಎತ್ತಿನ ಗಾಡಿಯಲ್ಲಿಯೇ ಸಾಗಬೇಕಿತ್ತು; ಆದರೆ ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಕ್ಷಾಮ ಪರಿಹಾರದ ಕಾಮಗಾರಿಯಾಗಿಯೂ ಮುಂದುವರಿದ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗವು 1881ರ ಅಧಿಕಾರ ಹಸ್ತಾಂತರದ ಬಳಿಕ, ರಂಗಾಚಾರ್ಲು ದಿವಾನರಾಗಿದ್ದಾಗ, 1882ರಲ್ಲಿ ಮೈಸೂರನ್ನು ತಲುಪಿತು. ಕೊಡಗಿನವರಿಗೆ ಅತ್ಯಂತ ಹತ್ತಿರದ ರೈಲು ನಿಲ್ದಾಣಗಳಲ್ಲಿ ಮೈಸೂರು ಒಂದಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ ಶಾಖಾಮಾರ್ಗ ತೆರೆಯಿತು. 1913ರಲ್ಲಿ ಕೋಲಾರ ಪಟ್ಟಣಕ್ಕೆ ಕಿರಿದಾದ ಹಳಿಯ ಲಘು ರೈಲು ಆರಂಭವಾಯಿತು. ಹೀಗೆ ಬೌರಿಂಗ್‌ಪೇಟೆ ಪ್ರಮುಖ ಕೂಡುನಿಲ್ದಾಣವಾಗಿ ಬೆಳೆಯಿತು.

ವಿಮರ್ಶೆ

ಬೌರಿಂಗ್‌ನ ಆಡಳಿತದ ಮೌಲ್ಯಮಾಪನ ಏಕರೂಪವಾಗಿಲ್ಲ. ಇಲಾಖೆಗಳು, ಶಾಲೆಗಳು, ಆಸ್ಪತ್ರೆಗಳು ಹಾಗೂ ಭೂದಾಖಲೆಗಳ ವ್ಯವಸ್ಥಿತ ಬೆಳವಣಿಗೆಗೆ ಆತ ಅಡಿಪಾಯ ಹಾಕಿದನೆಂಬುದು ಒಂದು ಅಭಿಪ್ರಾಯ. ಯುರೋಪಿಯನ್ ಅಧಿಕಾರಿಗಳ ಸಂಖ್ಯೆ ಹೆಚ್ಚಿ, ಆಡಳಿತದ ವೆಚ್ಚ ಏರಿತು ಮತ್ತು ಸ್ಥಳೀಯರಿಗೆ ಉನ್ನತ ಹುದ್ದೆಗಳು ದುರ್ಲಭವಾದವು ಎಂಬುದು ಇನ್ನೊಂದು. ರೈಲಿನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅದು ದಂಡಿನ ಅಗತ್ಯಕ್ಕಾಗಿ ಬಂದರೂ ಜನರ ಬದುಕಿನ ಭಾಗವಾಯಿತು. ಆದರೆ ಒಳನಾಡಿನ ಜಿಲ್ಲೆಗಳನ್ನು ತಲುಪಲು ಹಲವು ದಶಕಗಳೇ ಬೇಕಾದವು.

ಸ್ಮರಣೆ

ಬೆಂಗಳೂರಿನ ಶಿವಾಜಿನಗರದಲ್ಲಿರುವ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇಂದಿಗೂ ಸರ್ಕಾರಿ ಆಸ್ಪತ್ರೆಯಾಗಿ ಕೆಲಸ ಮಾಡುತ್ತಿದೆ. ಬಿ. ಎಲ್. ರೈಸ್‌ನ ಪ್ರಯತ್ನದಿಂದ 1868ರಲ್ಲಿ ಆರಂಭವಾದ ಬೌರಿಂಗ್ ಇನ್‌ಸ್ಟಿಟ್ಯೂಟ್ ನಗರದ ಹಳೆಯ ಸಂಸ್ಥೆಗಳಲ್ಲೊಂದು. ಕರ್ನಲ್ ಫ್ರೇಸರನ ಹೆಸರು ಹೊತ್ತಿದ್ದ ಕೊಡಗಿನ ಫ್ರೇಸರ್‌ಪೇಟೆ ಕುಶಾಲನಗರವೆಂಬ ಹೆಸರಿನಲ್ಲಿ ನೆಲೆಗೊಂಡಂತೆಯೇ, ಬೌರಿಂಗ್‌ಪೇಟೆಯೂ ಬಂಗಾರಪೇಟೆಯಾಯಿತು. 1864ರಲ್ಲಿ ಹಾಕಿದ ಮಾರ್ಗ ಇಂದು ವಿದ್ಯುತ್ ಎಂಜಿನ್‌ಗಳು ಓಡುವ ಬೆಂಗಳೂರು–ಚೆನ್ನೈ ಜೋಡಿಮಾರ್ಗವಾಗಿದ್ದು, ದಕ್ಷಿಣ ಭಾರತದ ಜನನಿಬಿಡ ರೈಲುಮಾರ್ಗಗಳಲ್ಲಿ ಒಂದಾಗಿದೆ.